ದೊಡ್ಡರಂಗಯ್ಯನ ಎರಡು ಕಾಯಿ

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡಲಿಲ್ಲ. ಕಂದಿಕೆರೆಯ ಕಾಡಸಿದ್ದಪ್ಪನವರ ಕೊಬ್ಬರಿ ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು. ಕೆಲಸದವರೆಲ್ಲ ಸಿಪ್ಪೆಯ ರಾಶಿಗೆ ಒರಗಿ ಕೂತಿದ್ದರು. ಮೀನಾ ಮಾತ್ರ ಅಟ್ಟದ ಏಣಿಯ ಬುಡದಲ್ಲಿ ಕೂತು, ಒಂದೇ ಕಾಯಿಯನ್ನು ಹತ್ತನೇ ಸಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗುಡುಗುಡು ಎಂದಿತು. ಎಂದಿತೋ, ಮಳೆಯೇ ಹಾಗೆ ಕೇಳಿಸಿತೋ?

ಕಾಯಿ ಸುಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಮುತ್ತ ಇರಲಿಲ್ಲ. ಆದರೆ ಇವತ್ತು ಯಜಮಾನರು ಕೇಳಿದ್ದೇ ಬೇರೆ. “ಸೋಮವಾರ ಅಟ್ಟದ ಕಾಯಿ ಇಳಿಸಬಹುದಾ ಮೀನಾ? ನೀನು ಹೂಂ ಅಂದ್ರೆ ಲಾರಿಗೆ ಹೇಳ್ತೀನಿ.” ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿ. ಹದಕ್ಕೆ ಬರುವ ಮೊದಲೇ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ವರ್ಷದ ಬೆಳೆ ಮಣ್ಣುಪಾಲು. ಹಿಂದೆ ಇಳಿಸಬಹುದೋ ಇಲ್ಲವೋ ಎಂದು ಹೇಳುತ್ತಿದ್ದವನು ಅವಳ ಅಪ್ಪ ದೊಡ್ಡರಂಗಯ್ಯ. ಅವನು ಸತ್ತು ನಾಲ್ಕು ವರ್ಷವಾದರೂ ಅವನ ಮಾತಿಗಿದ್ದ ಬೆಲೆ ಊರಲ್ಲಿ ಇಳಿದಿರಲಿಲ್ಲ. ತಾನು ತಪ್ಪಿದರೆ ಇಳಿಯುತ್ತದೆ ಎಂದು ಮೀನಾಳಿಗೆ ಭಯವಾಗಿತ್ತು.

“ಏನೇ ಅದು, ಫೋನಾ? ಎಷ್ಟೊತ್ತು ಕಿವಿಗಿಟ್ಕಂಡಿರ್ತೀಯ?” ಎಂದಳು ಚಿಪ್ಪು ಒಡೆಯುವ ಮುದುಕಿ ಪುಟ್ಟಗಂಗಮ್ಮ. ಎಲ್ಲರೂ ನಕ್ಕರು. ಅಜ್ಜಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು ಕಾಲು ಚಾಚಿದಳು.

“ಬನ್ರಿ ಇತ್ಲಾಗೆ. ಇವಳಪ್ಪನ ಸುದ್ದಿ ಹೇಳ್ತೀನಿ. ಅರ್ಧ ನಿಮಗೇ ಗೊತ್ತು. ಇನ್ನರ್ಧ ನನಗೂ ಯಜಮಾನ್ರಿಗೂ ಬುಟ್ಟು ಯಾರ್ಗೂ ಗೊತ್ತಿಲ್ಲ...

“ದೊಡ್ಡರಂಗ ಅಂದ್ರೆ ಏನಂದ್ಕಂಡ್ರಿ? ಹಾರೆ ನೆಟ್ಟು ನಿಂತ ಅಂದ್ರೆ ಹೊತ್ತು ನೆತ್ತಿಗೆ ಬರೋದ್ರೊಳಗೆ ಸಾವಿರ ಕಾಯಿ ಸುಲಿದು, ಬೆವರು ಒರಸ್ಕಂಡು, ಮುದ್ದೆ ಉಂಡು, ಮತ್ತೆ ಸಾವಿರಕ್ಕೆ ನಿಲ್ಲೋನು. ಅಂಥೋನು ಬೆಳಿಗ್ಗೆ ಕೋಳಿ ಕೂಗ್ತಿದ್ದಂಗೆ ಎದ್ದು ಓಡೋನು ಕಣ್ರಪ್ಪ! ಯಾರೂ ಅಟ್ಟಿಸ್ಕಂಡು ಬಂದಿಲ್ಲ, ಬಸ್ಸು ತಪ್ಪೋಗಿಲ್ಲ, ಸುಮ್ನೆ ಓಡೋನು. ಕಂಡಕ್ಟ್ರು ತಲೆ ಹೊರಗಾಕಿ ‘ಹತ್ತಯ್ಯ, ಟಿಕೀಟ್ ಬ್ಯಾಡ’ ಅಂದ್ರೆ, ‘ನೀವು ನಡೀರಿ, ಮುಂದಿನ ಸ್ಟಾಪ್‌ನಾಗೆ ಸಿಗ್ತೀನಿ’ ಅನ್ನೋನು. ಐವತ್ತನೇ ವಯಸ್ಸಾಗೆ ದಸರಾ ಕ್ರೀಡಾಕೂಟದಾಗೆ ಹರೇದ ಹುಡುಗ್ರ ಜೊತೆ ಬರಿಗಾಲಾಗೆ ಓಡಿ ಎರಡನೇದು ಬಂದ. ಬಂದ ಬಹುಮಾನದಾಗೆ ತಿಪಟೂರಿಂದ ಬೂಟು ತಂದ. ಅವನಿಗಲ್ಲ... ಈ ಮೀನಾಗೆ. ಅಪ್ಪ ಮಗಳು ಜೋಡೀಲಿ ಓಡೋರು.

“ಓಡೋವಾಗ ಅವನ ಕೈಯಾಗೆ ಅಟ್ಟದಿಂದ ತೆಗೆದ ಎರಡು ಕಾಯಿ ಇರೋವು. ಮೂರು ಮೈಲಿ ಹೋಗಿ ಮೂರು ಮೈಲಿ ಬಂದು ಒಡೆಯೋನು. ಅಷ್ಟು ಕುಲುಕಾಟ ತಡ್ಕಂಡು ಕೊಬ್ಬರಿ ಗುಂಡಗೆ ಈಚೆ ಬಂದ್ರೆ ಅಟ್ಟ ಹದಕ್ಕೆ ಬಂತು ಅಂತ ಲೆಕ್ಕ. ನಗೋರು ನಕ್ರು. ಆದ್ರೆ ಅವನು ಹೂಂ ಅನ್ದೆ ಅಟ್ಟ ಇಳಿಸಿದೋರು ಒಬ್ರಾದ್ರೂ ಇದ್ರಾ?

“ಅವನು ಸತ್ತ ವರ್ಷ... ಯಜಮಾನ್ರು ಇಲ್ಲೇ ಕೂತವ್ರೆ, ಕೇಳ್ಲಿ... ಕಾಯಿ ಅಟ್ಟಕ್ಕೆ ಹಾಕಿದ ಒಂಬತ್ತನೇ ತಿಂಗಳಿಗೇ ಆತುರಕ್ಕೆ ಬಿದ್ರು. ಲಾರಿ ಬಂದು ನಿಂತಿತ್ತು. ನಾನು ಬೆಳಕರಿಯೋವಾಗ ಅಂಗಳ ಗುಡಿಸ್ತಿದ್ದೆ. ರಸ್ತೆ ಕಡೆಯಿಂದ... ಗುಡು ಗುಡು... ಗುಡು ಗುಡು... ಪೊರಕೆ ಹಿಡಿದ ಕೈ ಹಂಗೇ ನಿಂತೋಯ್ತು. ಇಪ್ಪತ್ತು ವರ್ಷ ಕೇಳಿದ ಸದ್ದು, ಗುರ್ತು ಸಿಗಲ್ವಾ? ಹತ್ರ ಬಂತು, ಗೇಟು ದಾಟ್ತು, ನನ್ನ ಮಗ್ಗುಲಾಗೇ ಹೋಯ್ತು... ನೋಡಿದ್ರೆ ಯಾರೂ ಇಲ್ಲ! ಬರೀ ಬೆವರಿನ ವಾಸನೆ. ಗುಡಿಸಿದ ಮಣ್ಣಾಗೆ ಒಂದೊಂದೇ ಹೆಜ್ಜೆ ಮೂಡ್ತಾ ಹೋಯ್ತು. ಎಡಗಾಲಿಗೆ ಕಿರುಬೆರಳಿಲ್ಲ... ಹಾರೆ ಬಿದ್ದು ಕಿರುಬೆರಳು ಹೋಗಿದ್ದು ಯಾರ್ಗೆ, ನೀವೇ ಹೇಳ್ರಿ?

“ಹೊಸ್ತಿಲ ಮುಂದೆ ಎರಡು ಕಾಯಿ. ಮುಟ್ಟಿದ್ರೆ ಇನ್ನೂ ಬೆಚ್ಚಗಿದ್ವು. ಒಡೆದ್ರೆ ಎರಡೂ ಚಿಪ್ಪಿಗೆ ಕಚ್ಕಂಡು ಚೂರು ಚೂರು. ಲಾರಿ ಖಾಲಿ ವಾಪಸ್ ಹೋಯ್ತು. ಎರಡು ತಿಂಗಳು ಬುಟ್ಟು ಮತ್ತೆ ಎರಡು ಬಂದ್ವು, ಒಡೆದ್ರೆ ಚೆಂಡಿನಂಗೆ! ಅವತ್ತೇ ಇಳಿಸಿದ್ವಿ, ಒಂದೂ ಮುಕ್ಕಾಗ್ಲಿಲ್ಲ. ಆಮೇಲೆ ವರ್ಷಾ ವರ್ಷಾ ಹಂಗೇ...”

“ಯಾರೋ ಆಟ ಆಡವ್ರೆ ಬುಡಜ್ಜಿ,” ಎಂದು ಲೋಡಿಂಗ್ ಕೆಲಸದ ಹನುಮಂತರಾಜು ನಕ್ಕು, ಯಜಮಾನರ ಮುಖ ನೋಡಿದ.

ಕಾಡಸಿದ್ದಪ್ಪ ನಗಲಿಲ್ಲ. “ಆ ಕಾಯಿ ಒಡೆದೋನು ನಾನೇ ಕಣಪ್ಪ,” ಎಂದರು.

ಮೀನಾಳ ಕಣ್ಣು ತುಂಬಿ ಬಂತು. ಮದುವೆಯಾದ ಮೇಲೆ ಅವಳು ಓಡುವುದನ್ನು ಬಿಟ್ಟಿದ್ದಳು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಬೆಳಿಗ್ಗೆ ಅವಳ ಮನೆಯ ಮುಂದೆ ಬಂದಾಗ ಮಾತ್ರ ಸ್ವಲ್ಪ ನಿಧಾನವಾಗಿ ಓಡುತ್ತಿದ್ದ.

“ಈ ವರ್ಷ ಯಾಕಜ್ಜಿ ಅಪ್ಪ ತಂದಿಟ್ಟಿಲ್ಲ?”

“ಯಾಕೆ ಇಡ್ತಾನೆ? ಮಗಳ ಮಾತು ಕೇಳ್ತೀವಿ ಅಂದ್ಮೇಲೆ ಅಪ್ಪ ನಡುವೆ ಬಾಯಿ ಹಾಕ್ತಾನಾ?”

ಮೀನಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಏಣಿ ಹತ್ತಿದಳು. ಅಟ್ಟದ ಈ ಮೂಲೆಯಿಂದ ಒಂದು, ಆ ಮೂಲೆಯಿಂದ ಒಂದು ಕಾಯಿ ಆರಿಸಿಕೊಂಡು ಇಳಿದು, ಯಜಮಾನರ ಮುಂದೆ ನಿಂತಳು. ಭಯ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಇವತ್ತು ಹೂಂ ಅನ್ನಲ್ಲ ಯಜಮಾನ್ರೆ. ನಾಳೆ ಬೆಳಿಗ್ಗೆ ಓಡಿ ಬಂದು ಹೇಳ್ತೀನಿ. ನಾನು ಹೇಳಿದ್ಮೇಲೆ ಅದೇ ಕೊನೆ ಮಾತು.”

“ಹಂಗೇ ಆಗ್ಲಿ ಕಣವ್ವ,” ಎಂದರು ಕಾಡಸಿದ್ದಪ್ಪ.

ಅಷ್ಟರಲ್ಲಿ ಮಳೆ ನಿಂತಿತು. ತಗಡಿನ ಸದ್ದು ಅಡಗಿ, ತೋಟದಲ್ಲಿ ಗರಿಯಿಂದ ಹನಿ ತೊಟ್ಟಿಕ್ಕುವುದು ಕೇಳತೊಡಗಿತು. ಮೀನಾ ಎರಡೂ ಕಾಯಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಹಿಂದಿನಿಂದ ಪುಟ್ಟಗಂಗಮ್ಮ ಮೆಲ್ಲಗೆ ಕರೆದಳು.

“ಮೀನಾ, ಅಲ್ಲಾಡಬ್ಯಾಡ... ಹಂಗೇ ನಿಂತ್ಕ. ನಿನ್ನ ಕೈಯಾಗಿನ ಕಾಯಿ ಎರಡೂ ಅಲ್ಲಾಡ್ತಿಲ್ಲ, ಅಲ್ವಾ? ಎಲ್ರೂ ಉಸಿರು ಬಿಗಿ ಹಿಡಿದು ಕೇಳ್ರಿ... ಆ ರಸ್ತೆ ತಿರುವಿನಾಗೆ ಗುಡುಗುಡು ಅಂತಿರೋದು ಮತ್ಯಾರ ಕೈಯಾಗಿಂದು? ಹೋಗವ್ವ, ಈಗ್ಲೇ ಬೂಟು ಹುಡುಕು. ಬೆಳಗಾಗೋವರ್ಗೂ ನಿಲ್ಲೋ ಆಸಾಮಿ ಅಲ್ಲ ಅವನು...”