ಬೀಗ ಹಾಕಿದ ಮನೆಯ ಹೆಪ್ಪು

ಶ್ರೀಮಂತನ ಹೆಂಡತಿ ಹಿತ್ತಲಲ್ಲಿ ಕೂತು ಮೊಸರಿನ ಗಡಿಗೆ ಉಜ್ಜುತ್ತಿದ್ದಳು. ಯಾವ ಊರಿನ ಶ್ರೀಮಂತ ಅಂತ ಕೇಳಬೇಡಿ, ಎಲ್ಲ ಊರಲ್ಲೂ ಇರುತ್ತಾನೆ. ಗಂಡ ಹೆಂಡತಿ ಮನೆಗೆ ಬೀಗ ಹಾಕಿ ಯಾತ್ರೆಗೆ ಹೋಗಿದ್ದರು. ಬರುವಷ್ಟರಲ್ಲಿ ಹೆಪ್ಪಿಗೆ ಬೂಷ್ಟು ಹಿಡಿದಿತ್ತು. ಅವನ ತಾಯಿಯ ಕಾಲದ ಹೆಪ್ಪು. ಅದು ಹೊರಗೆ ಹೋದರೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು, ಬಟ್ಟಲು ಹಿಡಿದು ಬಂದ ನೆರೆಯವರನ್ನೆಲ್ಲ ಹಾಗೇ ಕಳಿಸಿದ್ದ. ಈಗ ಯಾರನ್ನು ಕೇಳುವುದು? ಅಂಗಡಿಯ ಮೊಸರು ತಂದು ಹಾಲಿಗೆ ಹಾಕಿದರು. ಲೋಳೆಲೋಳೆಯಾಯಿತು.

"ಅಮ್ಮನ ಹೆಪ್ಪು ಹೋಯ್ತಲ್ಲೇ" ಅಂದ ಗಂಡ.

"ಎಲ್ಲಿ ಹೋಯ್ತು? ನಿಮ್ಮ ತಂಗಿ ಮನೇಲಿದೆ. ಮದುವೆಯಾಗಿ ಹೋಗುವಾಗ ಅತ್ತೆ ಬಟ್ಟಲಲ್ಲಿ ಹಾಕಿ ಕೊಟ್ಟಿದ್ರು."

"ಹಾಗಾದ್ರೆ ಅದು ನಮ್ಮನೇದು. ತರಿಸು."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹಾಲು ಅವಳದು, ಗಡಿಗೆ ಅವಳದು. ಹಾಲನ್ನ ಮೊಸರು ಮಾಡೋದು ಹೆಪ್ಪಿನ ಗುಣ. ಅದು ನಿಮ್ಮ ರುಜುವಿಗೆ ಕಾಯುತ್ತಾ? ಆಸ್ತೀಲಿ ಪಾಲು ಕೇಳಿದಳು ಅಂತ ಗೌರಿ ಹಬ್ಬಕ್ಕೆ ಕರೆಯೋದನ್ನೇ ಬಿಟ್ರಿ. ಮೊಸರಿಗೆ ಮಾತ್ರ ತಂಗಿ ಬೇಕೋ?"

ಅವನು ಒಳಗೆ ಹೋದ.

ನೋಡಿ, ಬೆಲ್ಲದ ಡಬ್ಬಿಗೆ ಬೀಗ ಹಾಕಬಹುದು. ಆದರೆ ಸಿಹಿ ಬೆಲ್ಲದ್ದು, ಬೀಗದ ಕೈ ಇಟ್ಟುಕೊಂಡವನದಲ್ಲ. ಮನೆ ನಿಮ್ಮ ಹೆಸರಿಗಿದೆ, ಸರಿ. ನಿಮ್ಮ ತಾಯಿಯ ತಾಳ್ಮೆ ಯಾರ ಹೆಸರಿಗಿದೆ? ಯಾವ ಕಚೇರಿಯಲ್ಲಿ ಖಾತೆ ಮಾಡಿಸಿದಿರಿ? ಇನ್ನೊಬ್ಬರನ್ನು ತಾಳಿಕೊಂಡಾಗ ತಾನೇ ಅದು ನಿಮಗೂ ಬಂದಿದೆ ಅಂತ ಗೊತ್ತಾಗುವುದು?

ಇದನ್ನು ಹೇಳಿ ಹೇಳಿ ನನಗೆ ದಣಿವಾಗಿದೆ, ಕೇಳಿ ಕೇಳಿ ನಿಮಗೂ ಆಗಿರಬೇಕು. ಹಾಗಾಗಿ ದೊಡ್ಡದೇನನ್ನೂ ಮಾಡಿ ಅನ್ನುವುದಿಲ್ಲ. ಬಟ್ಟಲು ಹಿಡಿದು ಬಂದವರಿಗೆ ಒಂದು ಚಮಚ ಹೆಪ್ಪು ಕೊಡಿ. ಮಾತು ಬಿಟ್ಟವರನ್ನು ನೀವೇ ಮೊದಲು ಮಾತಾಡಿಸಿ. ಪಾಲು ಕೊಡಬೇಕಿದ್ದರೆ ಕೊಡಿ. ಕೊಡುವ ಮನಸ್ಸು ಇನ್ನೂ ಬಂದಿಲ್ಲವೋ, ಹೆಣ್ಣುಮಗಳನ್ನು ಹಬ್ಬಕ್ಕಾದರೂ ಕರೆಯಿರಿ.

ಆ ಶ್ರೀಮಂತ ಏನು ಮಾಡಿದ ಅಂತೀರಾ? ಒಂದೇ ದಿನಕ್ಕೆ ಬದಲಾಗಲಿಲ್ಲ. ಯಾರು ತಾನೇ ಆಗುತ್ತಾರೆ? ತಂಗಿಗೆ ಕಾಗದ ಬರೆಯಲು ಕೂರುತ್ತಿದ್ದ, ಏಳುತ್ತಿದ್ದ. ಆ ವರ್ಷದ ಗೌರಿ ಹಬ್ಬವೂ ಹಾಗೇ ಕಳೆಯಿತು. ಮುಂದಿನ ಶ್ರಾವಣದಲ್ಲಿ ಬರೆದ: "ಹಬ್ಬಕ್ಕೆ ಬಾರಮ್ಮ. ಪಾಲಿನ ಮಾತೂ ಆಡಿ ಮುಗಿಸೋಣ." ಹೆಪ್ಪಿನ ಸುದ್ದಿ ಎತ್ತಲಿಲ್ಲ. ಅಂಚೆ ಡಬ್ಬದ ಮುಂದೆ ಕಾಗದ ಹಿಡಿದು ಸುಮಾರು ಹೊತ್ತು ನಿಂತ. ಆಮೇಲೆ ಒಳಗೆ ಹಾಕಿದ.