ಫೋಟೋದಲ್ಲಿ ಕೊಟ್ಟ ರಕ್ತ

ಒಂದು ಊರು, ಅಲ್ಲೊಬ್ಬ ಭಾರೀ ಸಾಹುಕಾರ. ಅಂಥಿಂಥ ದಾನಿಯಲ್ಲ ನೋಡಿ; ಬಸ್ ನಿಲ್ದಾಣದ ಬೆಂಚಿನಿಂದ ಹಿಡಿದು ಸ್ಮಶಾನದ ನಲ್ಲಿಯವರೆಗೆ ಎಲ್ಲದರ ಮೇಲೂ ಅವನದೇ ಹೆಸರು. ಸತ್ತವರೂ ಓದಿಕೊಂಡು ಹೋಗಲಿ ಅಂತ ಇರಬೇಕು.

ಇಷ್ಟು ದೊಡ್ಡ ಮನುಷ್ಯನಿಗೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಯನ್ನೂ ನುಂಗುತ್ತಿದ್ದ, ಜಿಲೇಬಿಯನ್ನೂ ನುಂಗುತ್ತಿದ್ದ. ಯಾರಿಗೂ ಭೇದಭಾವ ಮಾಡುವವನಲ್ಲ, ಪಾಪ! ಈಚೆಗೆ ಪಾದ ಊದಿ ಚಪ್ಪಲಿ ಬಿಗಿಯಾಯಿತು. ಚಪ್ಪಲಿ ಅಂಗಡಿಯವನನ್ನು ಬೈದ. ಮೆಟ್ಟಿಲು ಹತ್ತಿದರೆ ಏದುಸಿರು. ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಬೈದ. ಮೂತ್ರದಲ್ಲಿ ನೊರೆ ಕಂಡಿತು. ಬಚ್ಚಲು ತೊಳೆಯುವ ಸೋಪಿನ ಪುಡಿಯನ್ನು ಬೈದ. ತನ್ನ ಮೈಯೊಂದನ್ನು ಬಿಟ್ಟು ಊರಲ್ಲಿ ಎಲ್ಲರದೂ ತಪ್ಪೇ!

ಹೆಂಡತಿಗೆ ಹೆದರಿಕೆಯಾಯಿತು. "ರೀ, ಒಂದ್ಸಲ ರಕ್ತ, ಮೂತ್ರ ಎರಡೂ ಟೆಸ್ಟ್ ಮಾಡಿಸ್ಕೊಳ್ಳಿ."

"ಟೆಸ್ಟ್ ತಾನೇ? ಇಡೀ ಲ್ಯಾಬನ್ನೇ ಕಟ್ಟಿಸ್ತೀನಿ ಬಿಡೇ!"

ಕಟ್ಟಿಸಿಯೇಬಿಟ್ಟ. ಊರಿನ ಧರ್ಮಾಸ್ಪತ್ರೆಯಲ್ಲಿ ದೀಪ, ಹಾರ, ಭಾಷಣ. ಮೊದಲ ಪರೀಕ್ಷೆ ಯಜಮಾನರದೇ ಅಂತ ಮೈಕಿನಲ್ಲಿ ಕೂಗಿದರು. ಸಾಹುಕಾರ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದ. ನರ್ಸಮ್ಮ ರಬ್ಬರ್ ಪಟ್ಟಿ ಕಟ್ಟಿ ಸೂಜಿ ಹತ್ತಿರ ತಂದಳು. ಫೋಟೋ ಹೊಡೆದರು. ಹೊಡೆದದ್ದೇ ತಡ, ಕೈ ಹಿಂದಕ್ಕೆ!

"ಫೋಟೋ ಬಂತಲ್ಲ, ಸಾಕು ಬಿಡಮ್ಮ."

"ರಕ್ತ ಬೇಕು ಸಾರ್. ಈ ಬಾಟ್ಲಿಗೆ ಮೂತ್ರನೂ ಬೇಕು."

"ನಾನು? ಬಾಟ್ಲಿ ಹಿಡ್ಕೊಂಡು ಕ್ಯೂ ನಿಲ್ಲೋದಾ? ಇದು ಬಡವರಿಗೆ ಕಟ್ಸಿದ್ದು ಕಣಮ್ಮ!"

ಹೆಂಡತಿ ನೋಡುತ್ತಲೇ ಇದ್ದಳು. ಅಷ್ಟು ಜನರೆದುರು ಗಂಡನ ಮರ್ಯಾದೆ ತೆಗೆಯುವುದು ಹೇಗೆ ಅಂತ ಸುಮ್ಮನಾದಳು. ಅಯ್ಯೋ ತಾಯಿ, ತೆಗೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮರುವರ್ಷ ಮೈಯೆಲ್ಲ ಊದಿ, ಉಸಿರು ಸಿಕ್ಕದೆ, ಅವನನ್ನು ಅದೇ ಲ್ಯಾಬಿಗೆ ಹೊತ್ತು ತಂದರು. ಪರೀಕ್ಷೆ ಮುಗಿಸಿ ಡಾಕ್ಟರು ಅಂದರು, "ಎರಡೂ ಕಿಡ್ನಿ ಕೈಕೊಟ್ಟಿವೆ. ಹೃದಯವೂ ಸೋತಿದೆ. ಸಕ್ಕರೆ ಒಳಗೊಳಗೇ ತಿಂದುಹಾಕಿದೆ. ಮುಂಚೆನೇ ಯಾಕೆ ಟೆಸ್ಟ್ ಮಾಡಿಸ್ಲಿಲ್ಲ?"

ಸಾಹುಕಾರ ಗೋಡೆಗೆ ತೂಗುಹಾಕಿದ್ದ ಉದ್ಘಾಟನೆಯ ಫೋಟೋ ತೋರಿಸಿದ. "ಮೊದಲ್ನೇ ಟೆಸ್ಟ್ ನಂದೇ ಡಾಕ್ಟ್ರೇ. ಫೋಟೋ ಇದೆಯಲ್ಲ, ನೋಡಿ."

"ಸೂಜಿ ಇದೆ ಯಜಮಾನ್ರೇ. ರಕ್ತ ಎಲ್ಲಿ?"

ಈಗ ಅವನಿಗೆ ಡಯಾಲಿಸಿಸ್. ಒಂದು ಸಲ ಚುಚ್ಚಿಸಿಕೊಳ್ಳಲು ಒಲ್ಲೆ ಅಂದ ಕೈಗೆ ವಾರಕ್ಕೆ ಮೂರು ಸಲ ಸೂಜಿ. ಈಗ ಯಾರೂ ಫೋಟೋ ತೆಗೆಯುವುದಿಲ್ಲ.

ಭಕ್ತರೇ, ನಗುತ್ತಿದ್ದೀರಿ. ನಗಿ, ನಗಿ. ಈ ಮಠದ ಹಿಂದಿನ ಕೊಠಡಿಯಲ್ಲಿ ಬೆಳಗ್ಗೆಯಿಂದ ಉಚಿತ ತಪಾಸಣೆ ನಡೆಯುತ್ತಿದೆ. ಉದ್ಘಾಟನೆಯ ಚಪ್ಪಾಳೆಗೆ ಎಲ್ಲರೂ ಇದ್ದಿರಿ. ಒಳಗೆ ಹೋದವರು ಎಷ್ಟು ಜನ? ಸಕ್ಕರೆ, ಹೃದಯ, ಕಿಡ್ನಿ ಒಂದೇ ಮನೆಯ ಜನ. ಒಬ್ಬರು ಬಿದ್ದರೆ ಉಳಿದವರನ್ನೂ ಎಳೆದುಕೊಂಡೇ ಬೀಳುತ್ತಾರೆ. ಒಬ್ಬರನ್ನು ವಿಚಾರಿಸಿ ಬಂದೆ ಅಂತ ಮೀಸೆ ತಿರುವಬೇಡಿ. ಸಕ್ಕರೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತವನ್ನೂ ಕೊಡಿ, ಮೂತ್ರವನ್ನೂ ಕೊಡಿ. ತಾಯಂದಿರೇ, ಗಂಡನ ಮರ್ಯಾದೆಯನ್ನು ಆಮೇಲೆ ನೋಡಿಕೊಳ್ಳಿ. ಕೈಹಿಡಿದು ಎಳೆದೊಯ್ಯಿರಿ, ನೀವೂ ತೋಳು ಚಾಚಿ.

ಸರಿ, ಏಳಿ. ಪ್ರಸಾದಕ್ಕೆ ಎಡಕ್ಕೆ, ಬಾಟಲಿಗೆ ಬಲಕ್ಕೆ. ಯಾರು ಯಾವ ಕಡೆ ತಿರುಗುತ್ತೀರಿ ಅಂತ ನಾನು ಇಲ್ಲೇ ಕೂತು ನೋಡುತ್ತೇನೆ.