‘ಬರ್ತದೆ’ ಎಂದು ಬರೆದ ಚೀಟಿ

ಮಾನ್ಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ, ಬೆಂಗಳೂರಿನಿಂದ ದಯಮಾಡಿಸಿರುವ ಅತಿಥಿ ಮಹನೀಯರೇ, ನಾಲ್ಕು ವರ್ಷ ನನ್ನ ಬೈಗುಳ ತಿಂದ ಕಾರ್ಯಾಗಾರದ ಬಂಧುಗಳೇ, ಭದ್ರಾವತಿ ಶಿವಮೊಗ್ಗಗಳ ಸಭಿಕರೇ. ಬಾಗಿಲ ಹತ್ತಿರ ನಿಂತವರು ದಯವಿಟ್ಟು ಒಳಗೆ ಬನ್ನಿ. ಮುಂದಿನ ಸಾಲಿನಲ್ಲಿ ಖಾಲಿ ಇರುವ ಆ ಕುರ್ಚಿಯಲ್ಲಿ ಮಾತ್ರ ಕೂರಬೇಡಿ, ಅದು ಒಬ್ಬರಿಗಾಗಿ ಇಟ್ಟದ್ದು.

ಯುದ್ಧ ಮುಗಿದು ವರ್ಷವಾಯಿತು. ಈ ತಿಂಗಳ ಕೊನೆಗೆ ನಮ್ಮ ವಿಮಾನ ಬಿಡಿಭಾಗಗಳ ಕಾರ್ಯಾಗಾರ ಮುಚ್ಚುತ್ತದೆ. ಆ ನೆಪದಲ್ಲಿ ಯೋಜನಾ ಗುಮಾಸ್ತನಾದ ಈ ಕೊಟ್ರಬಸಪ್ಪನಿಗೆ ಸನ್ಮಾನ. ಆಹ್ವಾನ ಪತ್ರಿಕೆಯಲ್ಲಿ ‘ದಂಪತಿಗಳಿಗೆ ಸನ್ಮಾನ’ ಎಂದು ಅಚ್ಚಾಗಿದೆ. ಹಾರಗಳೂ ಎರಡು ಬಂದಿವೆ. ಒಂದು ನನ್ನ ಕೊರಳಲ್ಲಿದೆ, ಇನ್ನೊಂದು ತಟ್ಟೆಯಲ್ಲಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಕೆಲಸವೇನಿತ್ತು? ಊರವರೆಲ್ಲ ನಾನು ವಿಮಾನ ಓಡಿಸುತ್ತೇನೆಂದೇ ತಿಳಿದಿದ್ದರು. ಹೊಳೆಹೊನ್ನೂರಿನ ಸಂತೆಯಲ್ಲಿ ಒಬ್ಬ ಹೆಂಗಸು ನನ್ನ ಹೆಂಡತಿ ಕಾಶಮ್ಮನನ್ನು ಕೇಳಿಯೇಬಿಟ್ಟಳಂತೆ. ಅದಕ್ಕೆ ಇವಳು, “ವಿಮಾನ ಎಲ್ಲಿಂದ ಬಂತು ಮಾರಾಯ್ತಿ, ನಮ್ಮನೆಯವ್ರು ಬರೀ ಚೀಟಿ ಹಾರಿಸ್ತಾರೆ” ಅಂದಳಂತೆ. ನಗಿ, ನಗಿ. ನಾನೂ ನಕ್ಕಿದ್ದೆ. ಅವಳ ಮಾತು ಸುಳ್ಳಲ್ಲ. ಈ ನಾಲ್ಕು ವರ್ಷದಲ್ಲಿ ನಾನು ಒಂದು ವಿಮಾನವನ್ನೂ ಮುಟ್ಟಿ ನೋಡಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದುದು ಎಂಜಿನ್ನಿಗೆ ಪೆಟ್ರೋಲ್ ಹರಿಸುವ ಪಂಪು, ಕಿಡಿ ಕೊಡುವ ಮ್ಯಾಗ್ನೆಟೊ, ಗಾಳಿಯ ಒತ್ತಡ ತೋರಿಸುವ ಗಡಿಯಾರದಂಥ ಡಬ್ಬಿ. ಇಷ್ಟು ಗಂಟೆ ಹಾರಿದ ಮೇಲೆ ಪ್ರತಿಯೊಂದೂ ಬಿಚ್ಚಿಸಿಕೊಂಡು ನಮ್ಮಲ್ಲಿಗೆ ಬರಲೇಬೇಕು. ಪರೀಕ್ಷೆಯ ಮೇಜು ಇದ್ದದ್ದು ಒಂದೇ. ಯಾವುದು ಮೊದಲು ಅದರ ಮೇಲೆ ಕೂರಬೇಕು, ಯಾವುದು ಎರಡು ದಿನ ಕಾಯಬಹುದು, ಯಾವುದಕ್ಕೆ ವಾಷರ್ ಬಂದಿಲ್ಲ? ಎಲ್ಲವೂ ನನ್ನ ಗೋಡೆಯ ಹಲಗೆಯಲ್ಲಿತ್ತು. ಅರವತ್ತು ಕೊಕ್ಕೆ, ಅರವತ್ತು ಚೀಟಿ. ಒಂದು ಚೀಟಿ ಅದಲುಬದಲಾದರೆ ಎಲ್ಲೋ ಅಸ್ಸಾಮಿನಲ್ಲಿ ಒಂದು ವಿಮಾನ ನೆಲ ಬಿಟ್ಟು ಏಳುತ್ತಿರಲಿಲ್ಲ.

ದುರಸ್ತಿಯಾದ ಮೊದಲ ಪಂಪನ್ನು ರೈಲಿಗೆ ಹಾಕಿದ ದಿನ ನಾನು ಅದರ ಚೀಟಿಯ ಮೇಲೆ ‘ಹೋಯಿತು’ ಎಂದು ಬರೆಯಹೊರಟೆ. ನಮ್ಮ ಫಿಟ್ಟರ್ ಹೊನ್ನಯ್ಯ ಕೈ ಹಿಡಿದುಕೊಂಡ. “ಬಿಡ್ತು ಅನ್ನಿ ಸ್ವಾಮಿ! ಆಕಾಶಕ್ಕೆ ಹೋಗೋ ಸಾಮಾನು, ಅದನ್ನ ನಂಬ್ಕೊಂಡು ಒಂದು ಜೀವ ಕೂತಿರ್ತದೆ. ಹೋಯ್ತು ಅಂತಾರಾ? ಬರ್ತದೆ ಅಂತ ಬರೀರಿ.” ನಾನೂ ಈ ಸೀಮೆಯವನೇ ಅಲ್ಲವೇ? ಮನೆ ಬಿಡುವಾಗ ‘ಬರ್ತೀನಿ’ ಎಂದೇ ಹೇಳಿ ಬೆಳೆದವನು. ಅಂದಿನಿಂದ ಹೊರಟ ಪ್ರತಿ ಸಾಮಾನಿಗೂ ತಾರೀಖು ಹಾಕಿ ‘ಬರ್ತದೆ’ ಎಂದು ಬರೆದೆ. ಒಮ್ಮೆ ಬೆಂಗಳೂರಿನ ತನಿಖಾಧಿಕಾರಿಗಳು ಚೀಟಿ ನೋಡಿ, ಹನ್ನೆರಡು ಪಂಪುಗಳು ಇನ್ನೂ ಬರಬೇಕಿವೆ ಎಂದುಕೊಂಡು, ಇಡೀ ದಿನ ಸ್ಟೇಷನ್ನಿನಲ್ಲಿ ಕಾದರು. ಅವು ಹಿಂದಿನ ವಾರವೇ ಹೊರಟುಹೋಗಿದ್ದವು.

ಕೆಲವು ಬರಲಿಲ್ಲ. ಏಕೆಂದು ನಮಗೆ ಯಾರೂ ಬರೆದು ತಿಳಿಸುತ್ತಿರಲಿಲ್ಲ. ಆ ಚೀಟಿಗಳನ್ನು ನಾನು ತೆಗೆಯಲೂ ಇಲ್ಲ.

ನಲವತ್ತನಾಲ್ಕರ ಶ್ರಾವಣದಲ್ಲಿ ಒಂದು ಮಧ್ಯಾಹ್ನ. ಒಂಬತ್ತು ಪಂಪು ತುರ್ತಾಗಿ ಬೇಕೆಂದು ತಂತಿ ಬಂದಿತ್ತು. ನಾನು ಹಲಗೆಯ ಮುಂದೆ ನಿಂತಿದ್ದೆ. ಬಾಗಿಲಿಗೆ ಕಾಶಮ್ಮ ಬಂದಳು, ಕೈಯಲ್ಲಿ ಟ್ರಂಕು. ಒಂದು ಭಾನುವಾರ ಶಿವಮೊಗ್ಗಕ್ಕೆ ಹೋಗಿ ತುಂಗೆಯ ದಂಡೆಯಲ್ಲಿ ಕೂತು ಬರೋಣ ಎಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ಮುಂದಿನ ವಾರ, ಮುಂದಿನ ವಾರ ಎಂದು ನಾನು ಹೇಳುತ್ತಿದ್ದೆ. ಪರೀಕ್ಷೆಯ ಮೇಜಿನ ಸರದಿಯಲ್ಲಿ ಅವಳಿಗೆ ಜಾಗವೇ ಬರಲಿಲ್ಲ ನೋಡಿ. ಅವಳು ಬಾಗಿಲಲ್ಲೇ ನಿಂತು, “ಕುಂಸಿಗೆ ಅಪ್ಪನ ಮನೆಗೆ ಹೊರಟೆ. ಹೋಗ್ತೀನಿ” ಅಂದಳು. ನಾನು ತಿರುಗದೆ “ಹೂಂ” ಅಂದೆ.

ಹೊನ್ನಯ್ಯ ಕೆಲಸ ನಿಲ್ಲಿಸಿ, “ಸ್ವಾಮಿ, ಅಮ್ಮಾವ್ರು ಹೋಗ್ತೀನಿ ಅಂದ್ರಲ್ಲ” ಅಂದ. “ನಿನ್ನ ಪಂಪು ನೋಡ್ಕೋ ಹೋಗಯ್ಯ” ಎಂದು ರೇಗಿದೆ. ಆ ‘ಹೋಗ್ತೀನಿ’ ನನಗೆ ನಿಜವಾಗಿ ಕೇಳಿಸಿದ್ದು ಸಂಜೆ ಮನೆಯ ಬೀಗ ತೆಗೆಯುವಾಗ. ಕಾಶಮ್ಮ ಪಕ್ಕದ ಬೀದಿಗೆ ಹೋದರೂ ಬರ್ತೀನಿ ಎನ್ನುವವಳು.

ಕಾಗದ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಹಲಗೆಗೆ ಅರವತ್ತೊಂದನೆಯ ಕೊಕ್ಕೆ ಹೊಡೆದು, ನಂಬರಿಲ್ಲದ ಒಂದು ಚೀಟಿಗೆ ಅವಳು ಹೊರಟ ದಿನದ ತಾರೀಖು ಹಾಕಿ ನೇತುಹಾಕಿದೆ. ಅದು ಯಾವ ಸಾಮಾನಿನ ಚೀಟಿ ಎಂದು ನೀವೆಲ್ಲ ಕೇಳಿದಿರಿ. ಮ್ಯಾಗ್ನೆಟೊ ಎಂದು ಸುಳ್ಳು ಹೇಳಿದ್ದೆ, ಕ್ಷಮಿಸಿ. ಎರಡು ವರ್ಷ ಅದನ್ನು ದಿನಾ ನೋಡಿದೆ. ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಆಫೀಸಿನಲ್ಲಿ ಅದಾದರೂ ಇತ್ತು.

ನಿನ್ನೆ ಹಲಗೆ ಬಿಚ್ಚುವಾಗ ಆ ಚೀಟಿ ಹೊನ್ನಯ್ಯನ ಕೈಗೆ ಸಿಕ್ಕಿತು. ತಾರೀಖು ನೋಡಿದ, ನನ್ನ ಮುಖ ನೋಡಿದ. “ಬರ್ತದೆ ಅಂತ ಬರ್ದಿದೀರಲ್ಲ ಸ್ವಾಮಿ, ಅಮ್ಮಾವ್ರೇನು ಪಂಪಾ? ಪಂಪನ್ನಾದ್ರೆ ಯಾರೋ ರೈಲಿಗೆ ಹಾಕಿ ಕಳಿಸ್ತಾರೆ. ಅವ್ರನ್ನ ಯಾರು ಕಳಿಸ್ತಾರೆ? ಎರಡು ವರ್ಷದಲ್ಲಿ ಒಂದ್ಸಲನಾದ್ರೂ ನೀವು ಕುಂಸಿಗೆ ಹೋದ್ರಾ?”

ಇಲ್ಲ, ಸಭಿಕರೇ. ಹೋಗಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ವಾಪಸು ಬರುವುದು ಸಾಮಾನಿನ ಕೆಲಸ, ಕಾಯುವುದು ಗುಮಾಸ್ತನ ಕೆಲಸ ಎಂದುಕೊಂಡಿದ್ದೆ. ಈ ಸಮಾರಂಭಕ್ಕೂ ಅವಳಿಗೆ ಆಹ್ವಾನ ಪತ್ರಿಕೆಯನ್ನು ಅಂಚೆಯಲ್ಲೇ ಕಳಿಸಿದೆ. ಕುಂಸಿಯವರು ಬರಬೇಕಾದ ಶಿವಮೊಗ್ಗದ ರೈಲು ನಾನು ಸಂತೆಯ ಮಾತು ಹೇಳುವಾಗ ಕೂಗಿತು. ನೀವು ನಗುತ್ತಿದ್ದಿರಿ, ನಾನು ಬಾಗಿಲು ನೋಡುತ್ತಿದ್ದೆ. ಸ್ಟೇಷನ್ನಿನಿಂದ ಇಲ್ಲಿಗೆ ಹತ್ತು ನಿಮಿಷದ ದಾರಿ. ಕುರ್ಚಿ ಹಾಗೇ ಇದೆ.

ಅಧ್ಯಕ್ಷರೇ, ತಟ್ಟೆಯಲ್ಲಿರುವ ಆ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನಗೆ ಕೊಡಿಸಿ. ನಾಳೆ ಬೆಳಗಿನ ರೈಲಿಗೆ ನಾನೇ ಕುಂಸಿಗೆ ಒಯ್ಯುತ್ತೇನೆ. ಅವಳು ತೆಗೆದುಕೊಳ್ಳುತ್ತಾಳೋ, ಬಾಗಿಲನ್ನಾದರೂ ತೆರೆಯುತ್ತಾಳೋ, ನನಗೆ ಗೊತ್ತಿಲ್ಲ. ಇದಕ್ಕೆ ನನ್ನ ಬಳಿ ಯಾವ ಯೋಜನೆಯೂ ಇಲ್ಲ.

ಸನ್ಮಾನಿಸಿದ ನಿಮಗೂ, ಬೈದು ಬುದ್ಧಿ ಹೇಳಿದ ಹೊನ್ನಯ್ಯನಿಗೂ ನಾನು ಋಣಿ. ಪದ್ಧತಿಯಂತೆ ಈಗ ‘ಬರ್ತೀನಿ’ ಎನ್ನಬೇಕು. ಈ ಒಂದು ಸಲ ಬೇಡ, ಯಾರೂ ಬಿಡ್ತು ಅನ್ನಬೇಡಿ.

ಹೋಗ್ತೀನಿ. ನಮಸ್ಕಾರ.